ಮಳೆಗಾಲದ ವಾಟ್ಸಾಪ್ ಸುದ್ದಿ: ಫಾರ್ವರ್ಡ್ ಒತ್ತೋ ಮುಂಚೆ ಎಂತ ನೋಡಬೇಕು?

ಹೊಸನಗರ_ಅಡ್ಮಿನ್
ಎಲ್ಲರಿಗೂ ನಮಸ್ಕಾರ. ಮಳೆ ಹಿಡೀತು ಅಂದ್ರೆ ನಮ್ಮ ಕಡೆ ಗ್ರೂಪುಗಳಲ್ಲಿ ಮೂರು ಥರದ ಮೆಸೇಜು ತಪ್ಪೋದಿಲ್ಲ. "ನಾಳೆ ಶಾಲೆಗೆ ರಜೆ" ಅನ್ನೋ ಆದೇಶದ ಫೋಟೋ, ಘಾಟಿ ಕುಸಿದ ವಿಡಿಯೋ, "ಡ್ಯಾಂ ಗೇಟ್ ತೆಗೆದರು, ಮನೆ ಖಾಲಿ ಮಾಡಿ" ಅನ್ನೋ ವಾಯ್ಸ್ ಮೆಸೇಜು. ಇದರ ಮೇಲೆ ಅಡಿಕೆ ನಿಷೇಧ, ಮಂಗನ ಕಾಯಿಲೆ, ಸರ್ಕಾರಿ ದುಡ್ಡಿನ ಲಿಂಕು ವರ್ಷಪೂರ್ತಿ. ಊರಿನ ಗ್ರೂಪು ನಡೆಸೋರು ಒಂದೊಂದಕ್ಕೂ ಗಂಟೆಗಟ್ಟಲೆ ಕೂರೋಕಾಗಲ್ಲ. ಬರೀ ಫೋನಿಟ್ಟುಕೊಂಡು ಐದ್ಹತ್ತು ನಿಮಿಷದಲ್ಲಿ ನಿಜವೋ ಸುಳ್ಳೋ ನೋಡೋದು ಹೇಗೆ? "ಎಚ್ಚರವಾಗಿರಿ" ಅಂತ ಉಪದೇಶ ಬೇಡ. ಎಲ್ಲಿ ಒತ್ತಬೇಕು, ಎಂತ ನೋಡಬೇಕು, ಅದು ಹೇಳಿ.

ಸೊರಬ_ಹುಡುಗ
ಗೂಗಲ್ ಲೆನ್ಸ್ ಹಾಕಿ, ಮುಗೀತು.

ಡೆಸ್ಕಿನವಳು
ಅಷ್ಟಕ್ಕೇ ಮುಗಿಯಲ್ಲ. ಲೆನ್ಸ್ ಅದೇ ಥರ ಕಾಣೋ ಚಿತ್ರ ತೋರಿಸುತ್ತೆ, ಅದು ಯಾವತ್ತಿನದು ಅಂತ ಹೇಳೋದಿಲ್ಲ. ಮೊದಲು ಒಂದು ವಿಷಯ ತಲೇಲಿರಲಿ. ಮಲೆನಾಡಿನ ಗ್ರೂಪಿಗೆ ಬರೋ ಸುಳ್ಳಲ್ಲಿ ಹೊಸದಾಗಿ ಹುಟ್ಟಿಸಿದ್ದು ಕಡಿಮೆ. ನಿಜವಾದ ಹಳೇ ಫೋಟೋ, ನಿಜವಾದ ಬೇರೆ ಊರಿನ ವಿಡಿಯೋ, ನಿಜವಾದ ಹೋದ ವರ್ಷದ ಆದೇಶ, ಇವೇ ಜಾಸ್ತಿ. ಹಾಗಾಗಿ "ಇದು ಎಡಿಟ್ ಮಾಡಿದ್ದಾ" ಅಂತ ಶುರು ಮಾಡಿದರೆ ದಾರಿ ತಪ್ಪುತ್ತೆ. "ಇದು ಯಾವತ್ತಿನದು, ಎಲ್ಲಿಯದು" ಅಂತ ಶುರು ಮಾಡಿ.

ರಜೆ ಆದೇಶದಿಂದಲೇ ನೋಡೋಣ. ಫೋಟೋ ಹಿಗ್ಗಿಸಿ ನೋಡಬೇಕಾದ ಜಾಗ ನಾಲ್ಕು. ದಿನಾಂಕ ಮತ್ತು ವಾರ ಹೊಂದುತ್ತಾ? ದಿನಾಂಕ ತಿದ್ದಿದವರು ಪಕ್ಕದ "ಮಂಗಳವಾರ"ವನ್ನು ಹಾಗೇ ಬಿಟ್ಟಿರ್ತಾರೆ, ಕ್ಯಾಲೆಂಡರ್ ತೆಗೆದರೆ ಅಲ್ಲೇ ಸಿಕ್ಕಿಬೀಳುತ್ತೆ. ಆದೇಶದ ಸಂಖ್ಯೆಯಲ್ಲಿ ಇರೋ ಇಸವಿಯೂ ಮೇಲಿನ ದಿನಾಂಕದ ಇಸವಿಯೂ ಒಂದೇನಾ? ದಿನಾಂಕದ ಅಂಕಿಗಳ ಆಕಾರ, ದಪ್ಪ, ಸಾಲು ಉಳಿದ ಅಂಕಿಗಳ ಜೊತೆ ಸರಿ ಕೂರುತ್ತಾ? ಫೋಟೋ ತೆಗೆದ ಕಾಗದದಲ್ಲಿ ನೆರಳು, ಕಾಳುಕಾಳು ಇರುತ್ತೆ. ತಿದ್ದಿದ ಜಾಗ ಮಾತ್ರ ಸುಣ್ಣ ಬಳಿದ ಗೋಡೆ ಥರ ನುಣ್ಣಗೆ ಇರುತ್ತೆ. ಕೊನೇದು, ಯಾವ ತಾಲ್ಲೂಕು? ನಮ್ಮ ಶಿವಮೊಗ್ಗ ಜಿಲ್ಲೇಲಿ ಏಳು ತಾಲ್ಲೂಕು. ತೀರ್ಥಹಳ್ಳಿ, ಹೊಸನಗರ, ಸಾಗರಕ್ಕೆ ಮಾತ್ರ ಕೊಟ್ಟ ರಜೆ ಸಂಜೆ ಹೊತ್ತಿಗೆ "ಶಿವಮೊಗ್ಗ ಜಿಲ್ಲೆಗೆ ರಜೆ" ಅಂತ ಆಗಿರುತ್ತೆ. ಆದೇಶ ನಿಜ, ಮೇಲೆ ಬರೆದ ಒಂದು ಸಾಲು ಸುಳ್ಳು.

ಮೇಷ್ಟ್ರು_ಭದ್ರಾವತಿ
ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಆದೇಶದ ಮೇಲ್ಭಾಗ ಕತ್ತರಿಸಿದ ಫೋಟೋ ಬಂದರೆ ಅದನ್ನು ಆದೇಶ ಅಂತ ಲೆಕ್ಕಕ್ಕೇ ಇಡಬೇಡಿ. ದಿನಾಂಕ ಇರೋದೇ ಮೇಲ್ಭಾಗದಲ್ಲಿ. ಅಂಗನವಾಡಿಯಿಂದ ಎಲ್ಲಿವರೆಗೆ ಅಂತಲೂ ಓದಿ, ಪ್ರೌಢಶಾಲೆವರೆಗೆ ಕೊಟ್ಟದ್ದನ್ನು ಪಿಯುಸಿ ಮಕ್ಕಳೂ ತಮ್ಮದು ಅಂದ್ಕೊಂಡು ಮನೇಲಿ ಉಳೀತಾರೆ. ಅನುಮಾನ ಬಂದರೆ ಶಾಲೆಯ ಪೋಷಕರ ಗ್ರೂಪಲ್ಲಿ ಮುಖ್ಯೋಪಾಧ್ಯಾಯರು ಹಾಕಿದ್ದಾರಾ ನೋಡಿ. ಜಿಲ್ಲಾಧಿಕಾರಿಗಳ ಆದೇಶ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೂಲಕ ಅವರಿಗೆ ಬಂದೇ ಬರುತ್ತೆ.

ಆಗುಂಬೆ_ತಿರುವು
ರೆಡ್ ಅಲರ್ಟ್ ಅಂದ ಕೂಡಲೇ ರಜೆ ಅಂತ ಹಾಕೋರೂ ಇದ್ದಾರೆ. ಎರಡೂ ಬೇರೆ ಬೇರೆ. ಹವಾಮಾನ ಇಲಾಖೆ ಬಣ್ಣ ಕೊಡುತ್ತೆ, ರಜೆ ಕೊಡೋದು ಜಿಲ್ಲಾಡಳಿತ.

ಶರಾವತಿ_ಹಿನ್ನೀರು
ಹೌದು. ಆ ಬಣ್ಣದ ಹಿಂದೆ ಅಳತೆ ಇದೆ, ಗೊತ್ತಿದ್ದರೆ ಅರ್ಧ ಗಾಬರಿ ಇಳಿಯುತ್ತೆ. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಆದರೆ ಭಾರಿ ಮಳೆ, 115.6ರಿಂದ 204.4 ಅತಿ ಭಾರಿ, ಅದಕ್ಕೂ ಮೇಲೆ ಹೋದರೆ ವಿಪರೀತ ಭಾರಿ. ದಿನದ ಮಳೆ ಅಂದ್ರೆ ಬೆಳಿಗ್ಗೆ 8:30ರಿಂದ ಮರುದಿನ ಬೆಳಿಗ್ಗೆ 8:30ರ ತನಕ. "ಆಗುಂಬೇಲಿ ಒಂದೇ ರಾತ್ರಿ ಇಷ್ಟು" ಅಂತ ಬರೋ ಅಂಕಿ ಎಷ್ಟೋ ಸಲ ತಿಂಗಳ ಒಟ್ಟು ಮಳೆ ಆಗಿರುತ್ತೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಹೋಬಳಿ, ಗ್ರಾಮ ಪಂಚಾಯಿತಿ ಮಟ್ಟದ ಮಳೆ ಲೆಕ್ಕ ಹಾಕ್ತಾರೆ, ಅಲ್ಲಿ ನೋಡಿ.

ಡ್ಯಾಂ ಸುದ್ದಿಗೆ ಬರೋಣ. ಇಲ್ಲಿ ಎಲ್ಲರೂ ಎಡವೋದು ಅಳತೆಯಲ್ಲಿ. ಲಿಂಗನಮಕ್ಕಿ ಪೂರ್ಣ ಮಟ್ಟ 1819 ಅಡಿ, ಇದು ಸಮುದ್ರ ಮಟ್ಟದಿಂದ. ಭದ್ರಾ 186 ಅಡಿ, ಇದು ಸಮುದ್ರ ಮಟ್ಟದಿಂದ ಅಲ್ಲ, ಡ್ಯಾಂನದೇ ಅಳತೆ. ಗಾಜನೂರು ತುಂಗಾ ಮೀಟರಲ್ಲಿ, 588.24. ಮೂರನ್ನೂ ಒಂದೇ ಕಾರ್ಡಲ್ಲಿ "ಅಡಿ" ಅಂತ ಹಾಕಿದ್ದರೆ ಬರೆದವರಿಗೆ ವಿಷಯ ಗೊತ್ತಿಲ್ಲ ಅಂತಲೇ ಲೆಕ್ಕ.

ಇನ್ನೊಂದು ಸಣ್ಣ ಗುಣಾಕಾರ ಬಾಯಿಪಾಠ ಇರಲಿ: ಒಂದು ಟಿಎಂಸಿ (ನೂರು ಕೋಟಿ ಘನ ಅಡಿ) ಅಂದ್ರೆ 11,574 ಕ್ಯುಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ನೀರು ಪೂರ್ತಿ ಒಂದು ದಿನ ಹರಿಯೋದು. ಯಾರಾದರೂ "ಲಿಂಗನಮಕ್ಕಿಗೆ ರಾತ್ರೋರಾತ್ರಿ 50 ಟಿಎಂಸಿ ಬಂತು" ಅಂದರೆ, ಹನ್ನೆರಡು ಗಂಟೆಗೆ ಲೆಕ್ಕ ಹಾಕಿದರೆ ಹನ್ನೊಂದೂವರೆ ಲಕ್ಷ ಕ್ಯುಸೆಕ್ ಒಳಹರಿವು ಬೇಕು. ಅಷ್ಟು ನೀರು ಶರಾವತಿ ಕಣಿವೇಲಿ ಇಳಿದಿದ್ದರೆ ಅದು ವಾಟ್ಸಾಪಲ್ಲಿ ಗೊತ್ತಾಗೋ ವಿಷಯ ಅಲ್ಲ.

ಗಾಜನೂರಿನ ಗೇಟ್ ತೆಗೆದರೆ ಹೆದರಬೇಕಿಲ್ಲ ಅಂತಲೂ ತಿಳ್ಕೊಳ್ಳಿ. ಅದರ ಸಾಮರ್ಥ್ಯವೇ 3.24 ಟಿಎಂಸಿ, ಮುಂಗಾರು ಸರಿ ಹಿಡಿದರೆ ಬೇಗನೇ ತುಂಬುತ್ತೆ, ಬಂದ ನೀರನ್ನು ಬಿಡಲೇಬೇಕು. ಲಿಂಗನಮಕ್ಕಿ ಹಾಗಲ್ಲ, 150 ಟಿಎಂಸಿಗೂ ಮೇಲೆ ಹಿಡಿಯೋ ಡ್ಯಾಂ. ಗೇಟ್ ತೆಗೆಯೋ ಮುಂಚೆ ವಿದ್ಯುತ್ ನಿಗಮದವರು ನದಿ ಪಾತ್ರದವರಿಗೆ ಮೊದಲೇ ಲಿಖಿತ ಮುನ್ನೆಚ್ಚರಿಕೆ ಕೊಡ್ತಾರೆ. ಏಕಾಏಕಿ ಯಾರೋ ಹೆಸರಿಲ್ಲದವರ ವಾಯ್ಸಲ್ಲಿ ಬರಲ್ಲ.

ಕೊಪ್ಪದ_ರಾಶಿ
ಆದ್ರೆ ಹಿನ್ನೀರು ಅಣ್ಣ, "ಹೆದರಬೇಕಿಲ್ಲ" ಅಂತ ಬರೆಯೋದು ಅಪಾಯ. ತುಂಗೆ ಉಕ್ಕಿದಾಗ ಶಿವಮೊಗ್ಗದ ತಗ್ಗು ಬಡಾವಣೆಗೆ ನೀರು ನುಗ್ಗೋದು ಸುಳ್ಳಲ್ಲವಲ್ಲ.

ಶರಾವತಿ_ಹಿನ್ನೀರು
ಸರಿ ಹೇಳಿದಿರಿ, ವಾಕ್ಯ ತಿದ್ತೀನಿ. ಗೇಟ್ ತೆಗೆದಿದ್ದಾರಾ ಅನ್ನೋದು ಮುಖ್ಯ ಅಲ್ಲ, ಎಷ್ಟು ಕ್ಯುಸೆಕ್ ಬಿಟ್ಟಿದ್ದಾರೆ ಅನ್ನೋದು ಮುಖ್ಯ. ಆ ಅಂಕಿ, ದಿನಾಂಕ, ಗಂಟೆ ಮೂರೂ ಇಲ್ಲದ ಮೆಸೇಜು ಫಾರ್ವರ್ಡ್ ಮಾಡಬೇಡಿ. ಮನೆ ತಗ್ಗಲ್ಲಿದ್ದು ನಿಜಕ್ಕೂ ಅನುಮಾನ ಬಂದರೆ 1077ಕ್ಕೆ ಫೋನ್ ಮಾಡಿ, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ ಅದು.

ತುಂಗಾನಗರ
ಮಂಟಪ ಮುಳುಗಿದ ಫೋಟೋ ಬಗ್ಗೆಯೂ ಹೇಳಿ ಯಾರಾದರೂ. ಕೋರ್ಪಲಯ್ಯನ ಛತ್ರದ ಮಂಟಪ, ತೀರ್ಥಹಳ್ಳಿ ರಾಮಮಂಟಪ, ಜೊತೆಗೆ ತುಂಬಿ ಧುಮುಕೋ ಜೋಗ. ಪ್ರತಿ ವರ್ಷ "ಇಂದು ಬೆಳಿಗ್ಗೆ" ಅಂತ ಬರುತ್ತೆ.

ಡೆಸ್ಕಿನವಳು
ಮಂಟಪಗಳು ಹೆಚ್ಚಿನ ವರ್ಷ ನಿಜವಾಗಿ ಮುಳುಗೋದ್ರಿಂದಲೇ ಕಷ್ಟ. ಪ್ರತಿ ಮಳೆಗಾಲದ ಫೋಟೋ ಒಂದೇ ಥರ ಕಾಣುತ್ತೆ. ಹೀಗೆ ಮಾಡಿ. ಫೋಟೋ ಮೇಲೆ ಬರೆದಿರೋ ಅಕ್ಷರ, ಹೂವಿನ ಇಮೋಜಿ, ಚಾನೆಲ್ ಪಟ್ಟಿ ಎಲ್ಲ ಕತ್ತರಿಸಿ, ಬರೀ ದೃಶ್ಯ ಉಳಿಸಿ ಲೆನ್ಸ್‌ಗೆ ಹಾಕಿ. ಅಕ್ಷರ ಇದ್ದರೆ ಲೆನ್ಸ್ ಆ ಅಕ್ಷರದ ಹಿಂದೆ ಹೋಗುತ್ತೆ. ಬಂದ ಫಲಿತಾಂಶ ಒಂದೊಂದೇ ತೆರೆದು ದಿನಾಂಕ ನೋಡಿ. ಒಂದೇ ಒಂದು ಹಳೇ ದಿನಾಂಕ ಸಿಕ್ಕರೆ ಸಾಕು, "ಇಂದು ಬೆಳಿಗ್ಗೆ" ಸುಳ್ಳಾಯ್ತು. ಟಿನ್‌ಐ ಅನ್ನೋ ಇನ್ನೊಂದು ತಾಣದಲ್ಲಿ ಹಳೇದು ಮೊದಲು ಬರೋ ಹಾಗೆ ಜೋಡಿಸಬಹುದು, ಲೆನ್ಸಲ್ಲಿ ಆ ಸೌಲಭ್ಯ ಇಲ್ಲ. ಆದ್ರೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಒಳಗಿನ ಫೋಟೋಗಳು ಟಿನ್‌ಐಗೆ ಬಹುಪಾಲು ಸಿಗೋದಿಲ್ಲ. ಎರಡೂ ನೋಡಬೇಕು.

ಒಂದು ಎಚ್ಚರ: ಹಳೇ ಫೋಟೋ ಸಿಗಲಿಲ್ಲ ಅಂದ ಮಾತ್ರಕ್ಕೆ ಹೊಸದು ಅಂತ ಅಲ್ಲ. "ಸಿಗಲಿಲ್ಲ" ಅಷ್ಟೇ.

ಸಾಗರ_ಲಿಂಕ್
ಫೋಟೋದ ಒಳಗೇ ತೆಗೆದ ದಿನಾಂಕ ಇರುತ್ತೆ, ಅದನ್ನು ನೋಡಿ ಅಂತ ಕೆಲವರು ಸಲಹೆ ಕೊಡ್ತಾರೆ. ವಾಟ್ಸಾಪಲ್ಲಿ ಫೋಟೋ ಆಗಿ ಬಂದರೆ ಆ ಮಾಹಿತಿ ಅಳಿಸಿಹೋಗಿರುತ್ತೆ. ಕಾಣೋದು ನಿಮ್ಮ ಫೋನಿಗೆ ಇಳಿದ ದಿನಾಂಕ. ಅದನ್ನೇ ಹಿಡ್ಕೊಂಡು "ಇವತ್ತಿನದೇ" ಅನ್ನೋರಿದ್ದಾರೆ. ಮೂಲ ಮಾಹಿತಿ ಬೇಕಿದ್ದರೆ ತೆಗೆದವರಿಂದಲೇ ಡಾಕ್ಯುಮೆಂಟ್ ಆಗಿ ಕಳಿಸಿಕೊಳ್ಳಬೇಕು.

ಆಗುಂಬೆ_ತಿರುವು
ಘಾಟಿ ವಿಡಿಯೋ ಬಗ್ಗೆ ನಾನು ಹೇಳ್ತೀನಿ. ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿ. ರಸ್ತೆ ಬದಿ ಕಿಲೋಮೀಟರ್ ಕಲ್ಲು ಕಂಡರೆ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಆಗುಂಬೆ ಘಾಟಿ 169ಎ, ಚಾರ್ಮಾಡಿ 73, ಶಿರಾಡಿ 75, ಮೂರಕ್ಕೂ ಹಳದಿಯೇ ಇರಬೇಕು. ಆಗುಂಬೇಲಿ 14 ಹಿಮ್ಮುರಿ ತಿರುವು, ರಸ್ತೆ ಇಕ್ಕಟ್ಟು. ನಾಲ್ಕು ಪಥದ ಅಗಲ ರಸ್ತೆ, ನಡುವೆ ಡಿವೈಡರ್ ಕಂಡರೆ ಅದು ಆಗುಂಬೆ ಅಲ್ಲವೇ ಅಲ್ಲ. ಅಂಗಡಿ ಬೋರ್ಡಿನ ಲಿಪಿ, ಬಸ್ಸಿನ ಬಣ್ಣ, ಮಾತಾಡೋರ ಭಾಷೆ ಗಮನಿಸಿ. ಕೇರಳದ ಗುಡ್ಡ, ನಮ್ಮ ಗುಡ್ಡ ನೋಡೋಕೆ ಒಂದೇ ಥರ, ಹಾಗಾಗಿ ಹಸಿರು ನೋಡಿ ನಿರ್ಧಾರ ಮಾಡಬೇಡಿ. 2024ರ ಜುಲೈ 16ಕ್ಕೆ ಅಂಕೋಲದ ಶಿರೂರಲ್ಲಿ ಗುಡ್ಡ ಕುಸೀತು, ಜುಲೈ 30ಕ್ಕೆ ವಯನಾಡಲ್ಲಿ. ಎರಡರ ವಿಡಿಯೋನೂ ರಾಶಿ ರಾಶಿ ಇವೆ. ಯಾವ ಕುಸಿತದ ವಿಡಿಯೋ ಬಂದರೂ ಮೊದಲು ಅವೆರಡರ ಜೊತೆ ಹೋಲಿಸಿ ನೋಡಿ.

ಸೊರಬ_ಹುಡುಗ
ಗಾಡಿ ನಂಬರ್ ನೋಡಿದ್ರೆ ಸಾಕಲ್ಲ? ಕೆಎ 14 ಶಿವಮೊಗ್ಗ, 15 ಸಾಗರ.

ಆಗುಂಬೆ_ತಿರುವು
ಸಾಕಾಗಲ್ಲ ಮಾರಾಯ. ಶಿವಮೊಗ್ಗದ ಕಾರು ಮುನ್ನಾರಿಗೂ ಹೋಗುತ್ತೆ. ಒಂದು ಗಾಡಿ ನೋಡಬೇಡ, ನಿಂತಿರೋ ಎಲ್ಲ ಗಾಡಿ ನೋಡು. ಹತ್ತರಲ್ಲಿ ಎಂಟು ಕೆಎಲ್ ಇದ್ದರೆ ಅದು ಕೇರಳ. ನಂಬರ್ ಪ್ಲೇಟು ತಿರುಗುಮುರುಗಾಗಿ ಕಂಡರೆ ವಿಡಿಯೋನೇ ಕನ್ನಡಿ ಬಿಂಬ ಮಾಡಿದ್ದಾರೆ ಅಂತ, ಹುಡುಕಿದರೆ ಸಿಗಬಾರದು ಅಂತ ಮಾಡೋ ಕೆಲಸ ಅದು. ಫೋನಿನ ಗ್ಯಾಲರಿಯಲ್ಲೇ ಅದನ್ನು ಮತ್ತೆ ತಿರುಗಿಸಿ ಹುಡುಕಬಹುದು.

ಸಾಗರ_ಲಿಂಕ್
ವಿಡಿಯೋನ ನೇರವಾಗಿ ಲೆನ್ಸ್‌ಗೆ ಹಾಕೋಕಾಗಲ್ಲ ಅನ್ನೋರಿಗೆ: ಸ್ಪಷ್ಟವಾಗಿ ಕಾಣೋ ಮೂರ್ನಾಲ್ಕು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತಗೊಳ್ಳಿ. ಶುರುವಿನದು, ನಡುವಿನದು, ಕೊನೇದು. ಶುರುವಿನ ಚೌಕಟ್ಟು ತುಂಬಾ ಉಪಯೋಗಕ್ಕೆ ಬರುತ್ತೆ, ಯಾಕಂದ್ರೆ ಮೊದಲು ಹಾಕಿದವರ ತಾಣದಲ್ಲಿ ಮುಖಚಿತ್ರವಾಗಿ ಅದೇ ಇರೋದು ಹೆಚ್ಚು. ಕಂಪ್ಯೂಟರ್ ಇದ್ದರೆ ಇನ್‌ವಿಡ್ ಅನ್ನೋ ಕ್ರೋಮ್ ಎಕ್ಸ್‌ಟೆನ್ಶನ್ ಹಾಕ್ಕೊಳ್ಳಿ, ಅದೇ ವಿಡಿಯೋನ ಚೌಕಟ್ಟು ಚೌಕಟ್ಟಾಗಿ ಬಿಡಿಸಿ ಕೊಡುತ್ತೆ.

ಗೂಗಲ್‌ನಲ್ಲಿ ದಿನಾಂಕ ಹಾಕಿಯೂ ಹುಡುಕಬಹುದು. ಪದ ಬರೆದು, ಜಾಗ ಬಿಟ್ಟು, ಇಂಗ್ಲಿಷಲ್ಲಿ ಬಿಫೋರ್, ಕೋಲನ್, ಆಮೇಲೆ ಜಾಗ ಬಿಡದೆ ವರ್ಷ-ತಿಂಗಳು-ದಿನ. "ಆಗುಂಬೆ ಘಾಟಿ ಕುಸಿತ" ಬರೆದು ಈ ವರ್ಷದ ಜನವರಿ 1ಕ್ಕೆ ಮುಂಚಿನದು ಮಾತ್ರ ಕೇಳಿದರೆ ಹಳೇ ಸುದ್ದಿಗಳಷ್ಟೇ ಬರುತ್ತೆ. ಅದರಲ್ಲಿ ಇದೇ ದೃಶ್ಯ ಇದೆಯಾ ನೋಡಿ.

ಪಿಎಚ್‌ಸಿ_ತೀರ್ಥಹಳ್ಳಿ
ವಿಡಿಯೋ ಕೊನೆ ಕತ್ತರಿಸೋದ್ರಿಂದ ಏನಾಗುತ್ತೆ ಅನ್ನೋದಕ್ಕೆ 2018ರದ್ದು ಎಲ್ಲರೂ ನೆನಪಿಡಬೇಕು. ಮೋಟಾರ್‌ಸೈಕಲಲ್ಲಿ ಬಂದು ಮಗು ಎತ್ಕೊಂಡು ಹೋಗೋ ವಿಡಿಯೋ ರಾಜ್ಯದ ತುಂಬಾ ಹರಿದಾಡ್ತು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗೆ ಅಂತ ಮಾಡಿದ ಜಾಗೃತಿ ವಿಡಿಯೋ. ಕೊನೇಲಿ ಮಗುವನ್ನು ವಾಪಸ್ ಬಿಟ್ಟು ಬೋರ್ಡು ತೋರಿಸ್ತಾರೆ, ಆ ಭಾಗವನ್ನೇ ಕತ್ತರಿಸಿದ್ದರು. ಮಕ್ಕಳ ಕಳ್ಳರು ಅನ್ನೋ ವದಂತಿಗೆ ಆ ಮೇ ತಿಂಗಳಲ್ಲಿ ಬೆಂಗಳೂರಲ್ಲಿ ಒಬ್ಬರು, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇನ್ನೊಬ್ಬರು ಜನರ ಹೊಡೆತಕ್ಕೆ ಸತ್ತರು. ವಿಡಿಯೋ ಥಟ್ಟನೆ ನಿಂತುಹೋದರೆ, ಮುಂದೆ ಏನಾಯ್ತು ಅಂತ ಹುಡುಕದೆ ಕಳಿಸಬೇಡಿ.

ಹೊಸನಗರ_ಅಡ್ಮಿನ್
ಅದೇ ತಿಂಗಳಲ್ಲೇ ಅಲ್ವಾ ವಾಟ್ಸಾಪಿನವರು ಫಾರ್ವರ್ಡ್ ಮಿತಿ ತಂದಿದ್ದು?

ಸಾಗರ_ಲಿಂಕ್
ಹೌದು, 2018ರ ಜುಲೈನಲ್ಲೇ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್ ಅಂತ ಮಾಡಿದರು. ಜೋಡಿ ಬಾಣದ ಗುರುತು ಕಂಡರೆ ಅದು ಐದು ಕೈ ಅಥವಾ ಅದಕ್ಕೂ ಹೆಚ್ಚು ದಾಟಿ ಬಂದಿದೆ ಅಂತ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸಬಹುದು. ಆದ್ರೆ ಬಾಣ ಇಲ್ಲ ಅಂದ್ರೆ ಸಾಚಾ ಅಂತ ಅಲ್ಲ. ಕಾಪಿ ಮಾಡಿ ಅಂಟಿಸಿದರೆ, ಸ್ಕ್ರೀನ್‌ಶಾಟ್ ಹೊಡೆದರೆ ಬಾಣ ಹೋಯ್ತು.

ಕೊಪ್ಪದ_ರಾಶಿ
ಅಡಿಕೆ ಸುದ್ದಿಗೆ ಬನ್ನಿ. ಅಡಿಕೆ ನಿಷೇಧ ಮಾಡ್ತಾರಂತೆ, ಅಡಿಕೆಗೆ ಕ್ಯಾನ್ಸರ್ ಅಂತೆ, ಭೂತಾನದಿಂದ ಹಡಗುಗಟ್ಟಲೆ ಬರ್ತಿದೆಯಂತೆ. ಎಲ್ಲಾ ಸುಳ್ಳೇ, ರೇಟು ಬೀಳಿಸೋಕೆ ಮಾಡೋದು.

ಡೆಸ್ಕಿನವಳು
ರಾಶಿಯವರೇ, ಇಲ್ಲಿ ನಿಮ್ಮ ಜೊತೆ ಜಗಳ ಆಡಲೇಬೇಕು. ನೀವು ಹೇಳಿದ ಮೂರರಲ್ಲಿ ಎಲ್ಲಾ ಸುಳ್ಳಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಗುಂಪು 1ಕ್ಕೆ, ಅಂದ್ರೆ ಕ್ಯಾನ್ಸರ್ ತರುತ್ತೆ ಅಂತ ಖಚಿತವಾದವುಗಳ ಪಟ್ಟಿಗೆ, ಸೇರಿಸಿದೆ. ಅದು ನಿಜ, ನಮಗೆ ಬೇಜಾರಾದರೂ ನಿಜ. ಗುಂಪು 1 ಅಂದ್ರೆ ಪುರಾವೆ ಎಷ್ಟು ಗಟ್ಟಿ ಅನ್ನೋದರ ವರ್ಗ, ಎಷ್ಟು ತಿಂದರೆ ಎಷ್ಟು ಅಪಾಯ ಅನ್ನೋದರ ಅಳತೆ ಅಲ್ಲ. ಸಾರಾಯಿ, ಹೊಗೆಸೊಪ್ಪೂ ಅದೇ ಗುಂಪಲ್ಲಿವೆ. ಹಾಗಾಗಿ "ಕ್ಯಾನ್ಸರ್‌ಕಾರಕ ಅಂತ ವರ್ಗ ಮಾಡಿದ್ದಾರೆ" ಅನ್ನೋದು ಸತ್ಯ, "ಆದ್ದರಿಂದ ನಾಳೆಯಿಂದ ಬೆಳೆ ನಿಷೇಧ" ಅನ್ನೋದು ಅದಕ್ಕೆ ಅಂಟಿಸಿದ ಸುಳ್ಳು. ನಮಗೆ ಬೇಡದ ಸುದ್ದಿನೆಲ್ಲ ಫೇಕ್ ಅಂದ್ಬಿಟ್ಟರೆ, ಬೇಕಾದ ಸುಳ್ಳನ್ನು ನಂಬೋದಕ್ಕೂ ಬಾಗಿಲು ತೆಗೆದಂತೆ.

ಕೊಪ್ಪದ_ರಾಶಿ
ಸರಿ, ವರ್ಗದ ಮಾತು ಒಪ್ಪಿದೆ. ಭೂತಾನದ್ದು?

ಅಡಿಕೆ_ಲೆಕ್ಕ
ಭೂತಾನದ್ದು ಅರ್ಧ ಸತ್ಯಕ್ಕೆ ಒಳ್ಳೇ ಉದಾಹರಣೆ. 2022ರ ಸೆಪ್ಟೆಂಬರಲ್ಲಿ ಕೇಂದ್ರ ವರ್ಷಕ್ಕೆ 17,000 ಟನ್ ಅಡಿಕೆ ಭೂತಾನದಿಂದ ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ (ಇಂತಿಷ್ಟಕ್ಕಿಂತ ಅಗ್ಗಕ್ಕೆ ತರಬಾರದು ಅನ್ನೋ ಷರತ್ತು ಅದು) ತರೋಕೆ ಬಿಟ್ಟಿದ್ದು ನಿಜ. ಆದ್ರೆ ಆದೇಶದಲ್ಲಿ ಇದ್ದದ್ದು ಹಸಿ ಅಡಿಕೆ. ಗ್ರೂಪುಗಳಲ್ಲಿ "ಹಸಿ" ಬಿಟ್ಟುಹೋಗಿ ಬರೀ "17,000 ಟನ್ ಅಡಿಕೆ" ಉಳೀತು. ಸಿಪ್ಪೆ ಸಮೇತ ಹಸಿ ಅಡಿಕೆ ಕ್ವಿಂಟಾಲಿಗೆ ಒಣಗಿ ಕೈಗೆ ಬರೋದು 12–14 ಕೆ.ಜಿ. ಆ ಲೆಕ್ಕದಲ್ಲಿ ಒಣ ಅಡಿಕೆ ಎರಡು ಸಾವಿರ ಚಿಲ್ಲರೆ ಟನ್. ಅದು ಸಣ್ಣದು ಅಂತ ನಾನು ಹೇಳ್ತಿಲ್ಲ, ವಿರೋಧ ಮಾಡೋರು ಸರಿಯಾದ ಅಂಕಿ ಹಿಡ್ಕೊಂಡು ಮಾಡಲಿ. ಮುಂದೆ 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 251ರಿಂದ 351 ರೂಪಾಯಿಗೆ ಏರಿಸಿದರು. ಆ ಸುದ್ದಿ ಇಷ್ಟು ಓಡಲಿಲ್ಲ.

ರೇಟಿನ ಪೋಸ್ಟರ್ ಬಗ್ಗೆಯೂ ಹೇಳಿಬಿಡ್ತೀನಿ. "ಶಿವಮೊಗ್ಗದಲ್ಲಿ ಅಡಿಕೆ ಇಷ್ಟು ಸಾವಿರ, ಸಾರ್ವಕಾಲಿಕ ದಾಖಲೆ" ಅಂತ ಬಂದರೆ ಯಾವ ಜಾತಿ ಕೇಳಿ. ಸರಕು, ಬೆಟ್ಟೆ, ರಾಶಿ, ಗೊರಬಲು ನಾಲ್ಕಕ್ಕೂ ಅಜಗಜಾಂತರ. ಸರಕಿನ ಗರಿಷ್ಠ ಧಾರಣೆ ಹಾಕಿ "ಅಡಿಕೆ" ಅಂದ್ಬಿಡ್ತಾರೆ, ಆವತ್ತು ಬಂದ ಸರಕು ಬೆರಳೆಣಿಕೆ ಮೂಟೆ ಇದ್ದಿರಬಹುದು. ಕೃಷಿ ಮಾರಾಟ ವಾಹಿನಿ ತಾಣದಲ್ಲಿ ಆವಕ (ಆವತ್ತು ಬಂದ ಮಾಲು), ಕನಿಷ್ಠ, ಗರಿಷ್ಠ, ಮಾದರಿ ಬೆಲೆ (ಹೆಚ್ಚು ಮಾಲು ಹೋದ ಬೆಲೆ) ನಾಲ್ಕೂ ಇರುತ್ತೆ. ನೋಡಬೇಕಾದ್ದು ಮಾದರಿ ಬೆಲೆ ಮತ್ತು ಆವಕ. ಹಾಗೆ ನೋಡದೆ ಮಾರಿದವರಿಗೂ ನಷ್ಟ, ಮಾರದೆ ಕೂತವರಿಗೂ ನಷ್ಟ.

ತುಂಗಾನಗರ
ವಿಷಯಾಂತರ ಅಂದ್ಕೋಬೇಡಿ, ಅಡಿಕೆಯ ಕೊಳೆ ರೋಗದ ಔಷಧಿ ಅಳತೆ ಫಾರ್ವರ್ಡ್ ಕೂಡ ತಪ್ಪು ತಪ್ಪು ಓಡಾಡುತ್ತೆ. ಸುಣ್ಣ ಕಡಿಮೆ ಹಾಕಿದರೆ ಒಳ್ಳೇದು ಅಂತೆಲ್ಲ.

ಅಡಿಕೆ_ಲೆಕ್ಕ
ಅದನ್ನು ನಂಬಿ ಹೊಡೆದರೆ ಗೊನೆ ಸುಟ್ಟುಹೋಗುತ್ತೆ. ಕೊಳೆಗೆ ಹೊಡೆಯೋ ಶೇ. 1ರ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್. ಬೇರೆ ಬೇರೆ ಕರಗಿಸಿ ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಉಲ್ಟಾ ಅಲ್ಲ. ಉಜ್ಜಿದ ಕಬ್ಬಿಣದ ಚಾಕು ಅದ್ದಿ ತೆಗೆದಾಗ ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು. ಸುಣ್ಣ ಹಳೇದಾಗಿದ್ದರೆ 1 ಕೆ.ಜಿ. ಸಾಕಾಗೋದಿಲ್ಲ, ಅದಕ್ಕೇ ಚಾಕುವಿನ ಪರೀಕ್ಷೆ.

ಪಿಎಚ್‌ಸಿ_ತೀರ್ಥಹಳ್ಳಿ
ಮಂಗನ ಕಾಯಿಲೆ ಮೆಸೇಜುಗಳ ಬಗ್ಗೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಗುರುತಿಸಿದ ಕಾಯಿಲೆ ಇದು. ಹರಡೋದು ಉಣುಗಿನಿಂದ. ಮಂಗ ಕಚ್ಚೋದ್ರಿಂದ ಅಲ್ಲ, ಮನುಷ್ಯರಿಂದ ಮನುಷ್ಯರಿಗೂ ಅಲ್ಲ. "ರೋಗಿ ಮನೆ ಹತ್ತಿರ ಹೋಗಬೇಡಿ" ಅನ್ನೋ ಮೆಸೇಜು ಒಂದು ಮನೆಯವರನ್ನೇ ಊರಿಂದ ದೂರ ಮಾಡುತ್ತೆ, ದಯವಿಟ್ಟು ಅದನ್ನು ನಿಲ್ಲಿಸಿ.

ಇನ್ನೊಂದು ಬಗೆ ಇದೆ, ಒಂದು ಕಾಲಕ್ಕೆ ನಿಜವಾಗಿದ್ದು ಈಗ ಸುಳ್ಳಾದದ್ದು. "ಎರಡು ಡೋಸ್ ಲಸಿಕೆ ತಪ್ಪದೆ ಹಾಕಿಸಿಕೊಳ್ಳಿ" ಅನ್ನೋ ಇಲಾಖೆಯದ್ದೇ ಹಳೇ ಕರಪತ್ರ ಇನ್ನೂ ಓಡಾಡುತ್ತೆ. ಆ ಹಳೇ ಲಸಿಕೆಯ ಸಾಮರ್ಥ್ಯ ಸಾಲದು ಅಂತ 2022ರಲ್ಲೇ ನಿಲ್ಲಿಸಿದರು. ಕರಪತ್ರದಲ್ಲಿ ಮುದ್ರೆ ಇದೆ, ಲಾಂಛನ ಇದೆ, ಭಾಷೆ ಸರಿ ಇದೆ, ಎಡಿಟ್ ಆಗಿಲ್ಲ. ಆದರೂ ಈಗ ಅದನ್ನು ಕಳಿಸೋದು ತಪ್ಪು ಮಾಹಿತಿ. ಡಿಸೆಂಬರಿಂದ ಮೇ ತನಕ ಕಾಡಿಗೆ ಹೋಗೋರು ಮೈಗೆ ಉಣುಗು ದೂರ ಇಡೋ ಡೇಪಾ ತೈಲ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಮಿಂದು ಬಟ್ಟೆ ಬಿಸಿನೀರಲ್ಲಿ ಅದ್ದಿ. ಸತ್ತ ಮಂಗ ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೆ ಹೇಳಿ.

ಮೇಷ್ಟ್ರು_ಭದ್ರಾವತಿ
ಭಾಷೆಯಿಂದಲೂ ಹಿಡಿಯಬಹುದು. ಕರ್ನಾಟಕದ ಯೋಜನೆ ಅಂತ ಬಂದ ಮೆಸೇಜಲ್ಲಿ "ಸರಪಂಚರನ್ನು ಸಂಪರ್ಕಿಸಿ", "ಪಟವಾರಿ ಕಚೇರಿ" ಅಂತಿದ್ದರೆ ಅದು ಹಿಂದಿಯಿಂದ ಯಂತ್ರ ಅನುವಾದ ಮಾಡಿದ್ದು. ನಮ್ಮಲ್ಲಿ ಇರೋದು ಪಂಚಾಯಿತಿ ಅಧ್ಯಕ್ಷರು, ಪಿಡಿಒ, ಗ್ರಾಮ ಆಡಳಿತಾಧಿಕಾರಿ. "ನೀವು ಸ್ವೀಕರಿಸುತ್ತೀರಿ 5000 ರೂಪಾಯಿಗಳು" ಥರದ ವಾಕ್ಯ ಯಾವ ಗುಮಾಸ್ತರೂ ಬರೆಯೋದಿಲ್ಲ.

ಡೆಸ್ಕಿನವಳು
ಅದರ ಜೊತೆ ಅಕ್ಷರವಿನ್ಯಾಸ. ಟಿವಿ ಚಾನೆಲಿನ ಬ್ರೇಕಿಂಗ್ ಕಾರ್ಡು ಅಂತ ಬಂದದ್ದನ್ನು ಅದೇ ಚಾನೆಲಿನ ಅಧಿಕೃತ ಪುಟದ ಕಾರ್ಡಿನ ಪಕ್ಕ ಇಟ್ಟು ನೋಡಿ. ಚಾನೆಲುಗಳಿಗೆ ತಮ್ಮದೇ ದಪ್ಪ ಫಾಂಟು ಇರುತ್ತೆ, ಫೋನಲ್ಲಿ ತಿದ್ದಿದ ಕಾರ್ಡಲ್ಲಿ ಫೋನಿನ ಮಾಮೂಲಿ ಕನ್ನಡ ಅಕ್ಷರ ಬಂದಿರುತ್ತೆ. ಕನ್ನಡ ಸರಿಯಾಗಿ ಕೂರಿಸದ ಎಡಿಟಿಂಗ್ ಆ್ಯಪಲ್ಲಿ ಒತ್ತಕ್ಷರ ಬಿಟ್ಟುಹೋಗುತ್ತೆ, "ಸರ್ಕಾರ"ದ ಅರ್ಕಾವೊತ್ತು ಎಲ್ಲೋ ಪಕ್ಕಕ್ಕೆ ಜಾರಿರುತ್ತೆ. ಎಐ ಚಿತ್ರದಲ್ಲಿ ಹಿಂದಿನ ಬೋರ್ಡು ಹಿಗ್ಗಿಸಿ ಓದಿ, ದೂರದಿಂದ ಕನ್ನಡ ಥರ ಕಾಣೋ ಅಕ್ಷರ ಹತ್ತಿರ ಹೋದರೆ ಯಾವ ಅಕ್ಷರವೂ ಆಗಿರೋದಿಲ್ಲ. ಬೆರಳು ಎಣಿಸೋ ಹಳೇ ಉಪಾಯ ಈಗ ನಡೆಯಲ್ಲ, ಬೆರಳು ಸರಿಯಾಗೇ ಬರ್ತಿವೆ.

ಪತ್ರಿಕೆ ತುಣುಕು ಬಂದರೆ ಆ ದಿನದ ಇ-ಪೇಪರ್ ತೆಗೆದು ಅದೇ ಪುಟ ನೋಡೋದೊಂದೇ ಸರಿಯಾದ ದಾರಿ. ಇ-ಪೇಪರಿನ ಪುಟ ಚಿತ್ರವಾಗಿರೋದ್ರಿಂದ ಗೂಗಲಲ್ಲಿ ಕನ್ನಡ ಹಾಕಿ ಹುಡುಕಿದರೆ ಸಿಗದೆ ಹೋಗಬಹುದು. ಸಿಗಲಿಲ್ಲ ಅಂತ ಸುಳ್ಳು ಅನ್ನಬೇಡಿ, ಪುಟ ನೋಡಿ ಹೇಳಿ.

ಸೊರಬ_ಹುಡುಗ
ಚಾಟ್‌ಜಿಪಿಟಿ ಕೇಳಿದ್ರೆ ನಿಜ ಸುಳ್ಳು ಹೇಳಲ್ವಾ?

ಸಾಗರ_ಲಿಂಕ್
ಬೇಡ. ನಿನ್ನೆ ರಾತ್ರಿ ಹುಲಿಕಲ್ ಘಾಟೀಲಿ ಮರ ಬಿದ್ದಿದ್ದು ಅದಕ್ಕೆ ಗೊತ್ತಿಲ್ಲದಿದ್ದರೂ ಗೊತ್ತಿರೋ ಹಾಗೆ ಉತ್ತರ ಕೊಡಬಹುದು. ಹುಡುಕೋಕೆ ಪದ ಸೂಚಿಸು ಅಂತ ಕೇಳಿ, ತೀರ್ಪು ಕೇಳಬೇಡಿ. ಕನ್ನಡದಲ್ಲಿ ನ್ಯೂಸ್‌ಚೆಕರ್, ನ್ಯೂಸ್‌ಮೀಟರ್‌ನವರು ಫ್ಯಾಕ್ಟ್‌ಚೆಕ್ ಬರೀತಾರೆ, ಅವರು ಮೂಲ ಲಿಂಕ್ ಕೊಟ್ಟಿರ್ತಾರೆ, ನೀವೇ ಒತ್ತಿ ನೋಡಬಹುದು.

ಲಿಂಕ್ ವಿಷಯ ಬಂತು ಅಂತ ಇದನ್ನೂ ಹೇಳ್ತೀನಿ, ಇದರಲ್ಲಿ ದುಡ್ಡು ಹೋಗುತ್ತೆ. ವೆಬ್ ವಿಳಾಸವನ್ನು ಎಡದಿಂದ ಓದಬೇಡಿ. ಶುರುವಿನ ಜೋಡಿ ಓರೆಗೆರೆ ಬಿಟ್ಟು, ಮೊದಲ ಒಂಟಿ ಓರೆಗೆರೆ ಎಲ್ಲಿದೆ ನೋಡಿ, ಅಲ್ಲಿಂದ ಎಡಕ್ಕೆ ಬನ್ನಿ. ಅದರ ಪಕ್ಕದಲ್ಲೇ ಗವ್ ಡಾಟ್ ಇನ್ ಅಥವಾ ಎನ್‌ಐಸಿ ಡಾಟ್ ಇನ್ ಇರಬೇಕು. "ಗೃಹಲಕ್ಷ್ಮಿ-ಗವ್ ಡಾಟ್ ಕಾಂ" ಅಂತ ನಡುವೆ ಅಡ್ಡಗೆರೆ ಹಾಕಿ ಯಾರು ಬೇಕಾದರೂ ಕೊಳ್ಳಬಹುದು, ಗವ್ ಡಾಟ್ ಇನ್ ಸರ್ಕಾರಕ್ಕೆ ಮಾತ್ರ ಸಿಗೋದು. ಎಪಿಕೆ ಅಂತ ಕೊನೆಯಾಗೋ ಫೈಲು (ಫೋನಿಗೆ ಆ್ಯಪ್ ಹಾಕೋ ಫೈಲು ಅದು), ಮದುವೆ ಕರೆಯೋಲೆ ಅಂತ ಬರಲಿ, ಟ್ರಾಫಿಕ್ ದಂಡ ಅಂತ ಬರಲಿ, ಒತ್ತಬೇಡಿ. ಒತ್ತಿ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಮೊದಲ ಕೆಲವು ಗಂಟೆಯಲ್ಲಿ ಹೇಳಿದರೆ ಹಣ ತಡೆಹಿಡಿಯೋ ಅವಕಾಶ ಜಾಸ್ತಿ.

ತುಂಗಾನಗರ
ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿಯ ಫ್ಯಾಕ್ಟ್‌ಚೆಕ್‌ಗೆ ಕಳಿಸಿದರೆ ಎಲ್ಲಾ ಹೇಳ್ತಾರಲ್ಲ.

ವಕೀಲ_ಶಿಕಾರಿಪುರ
ಅವರು ನೋಡೋದು ಕೇಂದ್ರ ಸರ್ಕಾರಕ್ಕೆ ಸಂಬಂಧಿಸಿದ್ದು ಮಾತ್ರ. ಶಿವಮೊಗ್ಗದ ರಜೆ, ಗಾಜನೂರು ನೀರು ಅವರ ವ್ಯಾಪ್ತಿ ಅಲ್ಲ. ಸರ್ಕಾರದ ಬಗ್ಗೆ ಸರ್ಕಾರವೇ ತೀರ್ಪು ಹೇಳೋದು ಅನ್ನೋದನ್ನೂ ಗಮನದಲ್ಲಿಡಿ.

ಕಾನೂನು ಕೇಳೋರಿಗೆ: ವಿಪತ್ತಿನ ಬಗ್ಗೆ ಸುಳ್ಳು ಎಚ್ಚರಿಕೆ ಹಬ್ಬಿಸಿ ಗಾಬರಿ ಎಬ್ಬಿಸಿದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಕಲಂ, ಒಂದು ವರ್ಷದವರೆಗೆ ಜೈಲು ಇಲ್ಲವೇ ದಂಡ. ಸಾರ್ವಜನಿಕ ಶಾಂತಿ ಕೆಡಿಸೋ ಸುಳ್ಳು ವದಂತಿಗೆ ಭಾರತೀಯ ನ್ಯಾಯ ಸಂಹಿತೆಯ 353, ಹಳೇ ಐಪಿಸಿ 505 ಅದೇ. ಮೂರು ವರ್ಷದವರೆಗೆ ಇದೆ.

ಹೊಸನಗರ_ಅಡ್ಮಿನ್
ಗ್ರೂಪಲ್ಲಿ ಬೇರೆಯವರು ಹಾಕಿದ್ದಕ್ಕೆ ಅಡ್ಮಿನ್ ಮೇಲೆ ಕೇಸ್ ಆಗುತ್ತೆ ಅಂತಾರೆ, ಹೌದಾ ವಕೀಲ್ರೇ?

ವಕೀಲ_ಶಿಕಾರಿಪುರ
ಅದೂ ಒಂದು ಫಾರ್ವರ್ಡ್ ಸುದ್ದಿಯೇ. ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ಅನ್ನೋ ಒಂದೇ ಕಾರಣಕ್ಕೆ ಹೊಣೆ ಮಾಡೋಕೆ ಬರೋದಿಲ್ಲ ಅಂತ ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಅಡ್ಮಿನ್ನೇ ಹಾಕಿದರೆ, ಸೇರಿಕೊಂಡು ಮಾಡಿದರೆ ಮಾತು ಬೇರೆ. ಈಗ ಅಡ್ಮಿನ್‌ಗೆ ಬೇರೆಯವರ ಮೆಸೇಜನ್ನೂ ಎಲ್ಲರಿಗೂ ಕಾಣದ ಹಾಗೆ ಅಳಿಸೋ ಅಧಿಕಾರ ವಾಟ್ಸಾಪಲ್ಲಿದೆ, ಅದನ್ನು ಬಳಸಿ.

ಮೇಷ್ಟ್ರು_ಭದ್ರಾವತಿ
ಸುಮ್ಮನೆ ಅಳಿಸಿದರೆ ಜನ ಅನುಮಾನ ಪಡ್ತಾರೆ, "ಏನೋ ಮುಚ್ಚಿಟ್ಟರು" ಅಂತ. ಯಾಕೆ ಅಳಿಸಿದಿರಿ ಅಂತ ಒಂದು ಸಾಲು ಹಾಕಬೇಕು.

ಡೆಸ್ಕಿನವಳು
ಹೌದು, ಆ ಸಾಲನ್ನು ಬರೆಯೋ ರೀತಿ ಇದೆ. ಸುಳ್ಳನ್ನು ಮೊದಲು ಹೇಳಬೇಡಿ, ನಿಜವನ್ನು ಮೊದಲು ಹೇಳಿ. "ಆಗುಂಬೆ ಘಾಟಿ ಈಗ ಸಂಜೆ 5ಕ್ಕೆ ತೆರೆದಿದೆ, ಬಸ್ ಓಡ್ತಿವೆ. ಬೆಳಿಗ್ಗೆ ಬಂದ ವಿಡಿಯೋ 2024ರ ಶಿರೂರಿನದು. ಲಿಂಕ್ ಕೆಳಗಿದೆ." ಇಷ್ಟು ಸಾಕು. ಗಂಟೆ ಹಾಕೋದು ಮರೀಬೇಡಿ, ನಿಮ್ಮ ತಿದ್ದುಪಡಿಯೇ ನಾಳೆ ಹಳೇ ಸುದ್ದಿ ಆಗಿ ಓಡಾಡುತ್ತೆ, ಅಷ್ಟರಲ್ಲಿ ಘಾಟಿ ನಿಜಕ್ಕೂ ಮುಚ್ಚಿರಬಹುದು. ಸುಳ್ಳು ಫೋಟೋನ ಮತ್ತೆ ಹಾಕಬೇಕಾದರೆ ಅದರ ನಟ್ಟನಡುವೆ, ಮೂಲೇಲಿ ಅಲ್ಲ, ದಪ್ಪಗೆ "ಸುಳ್ಳು" ಅಂತ ಬರೀರಿ. ಮೂಲೇಲಿ ಬರೆದರೆ ಕತ್ತರಿಸಿ ಮತ್ತೆ ಬಿಡ್ತಾರೆ. ಹಾಕಿದವರ ಹೆಸರು ಎತ್ತಬೇಡಿ, ಅವರಿಗೆ ಖಾಸಗಿಯಾಗಿ ಹೇಳಿ. ಎಲ್ಲರೆದುರು ಹೇಳಿದರೆ ವಾದಕ್ಕೆ ನಿಲ್ತಾರೆ, ತಿದ್ದಿಕೊಳ್ಳಲ್ಲ.

ಸಾಗರ_ಲಿಂಕ್
ಕಳಿಸಿದವರೇ ಅಳಿಸೋದಾದರೆ ಎರಡು ದಿನದ ಮೇಲೆ ಸ್ವಲ್ಪ ಹೊತ್ತಿನ ತನಕ "ಎಲ್ಲರಿಗೂ ಅಳಿಸು" ಸಿಗುತ್ತೆ, ಆಮೇಲೆ ಸಿಗಲ್ಲ. ಅಷ್ಟರೊಳಗೆ ಯಾರ್ಯಾರಿಗೆ ಮುಂದೆ ಹೋಗಿದೆಯೋ ಅದು ಅಳಿಯೋದಿಲ್ಲ, ಹಾಗಾಗಿ ತಿದ್ದುಪಡಿ ಹಾಕಲೇಬೇಕು.

ಪಿಎಚ್‌ಸಿ_ತೀರ್ಥಹಳ್ಳಿ
ಅಡ್ಮಿನ್ ಅಣ್ಣ, ಒಂದು ಕೋರಿಕೆ. ವಾಯ್ಸ್ ಮೆಸೇಜಲ್ಲಿ ಬಂದ ಸುಳ್ಳಿಗೆ ಅಕ್ಷರದಲ್ಲಿ ತಿದ್ದುಪಡಿ ಹಾಕಿದರೆ ಓದೋಕೆ ಬಾರದ ಅಜ್ಜ ಅಜ್ಜಿಯರಿಗೆ ಮುಟ್ಟೋದೇ ಇಲ್ಲ. ಅವರು ಕೇಳಿದ್ದು ಧ್ವನಿ. ನೀವೂ ಇಪ್ಪತ್ತು ಸೆಕೆಂಡಿನ ವಾಯ್ಸ್ ಹಾಕಿ, ಶುರುವಿನಲ್ಲೇ ನಿಮ್ಮ ಹೆಸರು, ಊರು, ಇವತ್ತಿನ ತಾರೀಕು, ಗಂಟೆ ಹೇಳಿ.

ಹೊಸನಗರ_ಅಡ್ಮಿನ್
ಇದು ಹೊಳೆದೇ ಇರಲಿಲ್ಲ ಅಕ್ಕ, ಮಾಡ್ತೀನಿ. ಹಿನ್ನೀರು ಅಣ್ಣ, ಆ 11,574ರ ಲೆಕ್ಕ ಮತ್ತು ಮೂರು ಡ್ಯಾಂ ಮಟ್ಟ ಒಂದೇ ಚಿತ್ರದಲ್ಲಿ ಹಾಕಿ ಕೊಡ್ತೀರಾ? ಗ್ರೂಪಿನಲ್ಲಿ ಪಿನ್ ಮಾಡ್ತೀನಿ.

ಶರಾವತಿ_ಹಿನ್ನೀರು
ಕೊಡ್ತೀನಿ. ಪೂರ್ಣ ಮಟ್ಟ ಮಾತ್ರ ಹಾಕ್ತೀನಿ, ಇವತ್ತಿನ ಮಟ್ಟ ಹಾಕಲ್ಲ. ಅದು ದಿನಾ ಬದಲಾಗುತ್ತೆ, ಚಿತ್ರ ಮಾತ್ರ ವರ್ಷಗಟ್ಟಲೆ ಓಡಾಡುತ್ತೆ.